ಎಡಗಡೆಯ ಇಂಡಿಕೇಟರು

ನಗದ ಒಬ್ಬ ಹೆಂಗಸು, ಬಾಯಿ ಮುಚ್ಚದ ಒಬ್ಬ ಗಂಡಸು, ಇಬ್ಬರ ಪಾಲಿಗೂ ಸೇರಿ ಒಂದು ಹಳೆಯ ಜೀಪು. ಒಂಬತ್ತು ವರ್ಷ ಆ ಜೀಪು ನಂಜನಗೂಡಿನಿಂದ ನರಸೀಪುರಕ್ಕೆ, ನರಸೀಪುರದಿಂದ ನಂಜನಗೂಡಿಗೆ, ಮಗ್ಗದ ಲಾಳಿಯ ಹಾಗೆ ಓಡಾಡಿತು. ಹೆಂಗಸು ಹೆಡ್ ಕಾನ್‌ಸ್ಟೇಬಲ್ ರುದ್ರಾಣಿ, ಊರವರ ಬಾಯಲ್ಲಿ ದಫೇದಾರಮ್ಮ. ಗಂಡಸು ಡ್ರೈವರ್ ಕಾನ್‌ಸ್ಟೇಬಲ್ ಚೆಲುವರಾಜು, ಹೆಡತಲೆ ಊರಿನವನು. ಠಾಣೆಯ ಸಮನ್ಸು, ವಾರಂಟು, ಕೇಸಿನ ಕಡತಗಳನ್ನು ಹನ್ನೊಂದು ಗಂಟೆಯೊಳಗೆ ನರಸೀಪುರದ ಕೋರ್ಟಿಗೆ ಮುಟ್ಟಿಸುವುದು ಇಬ್ಬರ ಕೆಲಸ.

ಇಸ್ತ್ರಿ ಮುರಿಯದ ಖಾಕಿ ಸೀರೆಯುಟ್ಟು ರುದ್ರಾಣಿ ಎಡಗಡೆಯ ಸೀಟಿನಲ್ಲಿ ಕೂತರೆ, ಇಳಿಯುವವರೆಗೂ ಬೆನ್ನು ಸೀಟಿಗೆ ತಾಗುತ್ತಿರಲಿಲ್ಲ. ಚೆಲುವರಾಜುವಿನ ಶರಟಿನ ಮೂರನೆಯ ಗುಂಡಿ ಯಾವತ್ತೂ ಜಾಗದಲ್ಲಿರುತ್ತಿರಲಿಲ್ಲ. ಅವನು ಮೈಲಿಗಲ್ಲಿನ ಜೊತೆ ಮಾತಾಡುವವನು, ಎದುರಿಗೆ ಬರುವ ಕಬ್ಬಿನ ಲಾರಿಯ ಜೊತೆ ಮಾತಾಡುವವನು. ಯಾರೂ ಸಿಗದಿದ್ದರೆ ಅವನ ಅಜ್ಜಿ ಹೇಳಿದ ಕತೆಗಳಿಗೆ ಬಾಲ ಕಟ್ಟಿ ರುದ್ರಾಣಿಗೆ ಹೇಳುವವನು.

"ರಾಕ್ಷಸನ ಜೀವ ಏಳು ಸಮುದ್ರದ ಆಚೆ ಗಿಣಿಯೊಳಗಿತ್ತಂತೆ ಮೇಡಂ. ಪೊಲೀಸ್ನೋರ ಜೀವ ಎಲ್ಲದೆ ಏಳಿ ನೋಡಾನ?"

"ರಸ್ತೆ ನೋಡ್ಕೊಂಡು ಓಡಿಸು."

"ತಿಮ್ಮಯ್ಯನ ಟೀ ಕೆಟ್ಲೊಳಗೆ!"

ತಿಮ್ಮಯ್ಯನ ಟೀ ಅಂಗಡಿ ಇದ್ದದ್ದು ಬಿಳಿಗೆರೆ ದಾಟಿದ ಮೇಲೆ, ನಾಲೆ ಏರಿಗೆ ತಿರುಗುವ ಮೂಲೆಯಲ್ಲಿ. ಆ ಮೂಲೆ ಕಣ್ಣಿಗೆ ಬಿದ್ದರೆ ಸಾಕು, ಚೆಲುವರಾಜುವಿನ ಬಲಗೈ ಸ್ಟೀರಿಂಗಿನ ಮೇಲೆ, ಎಡಗೈ ಎದೆಯ ಮೇಲೆ. "ಮೇಡಂ, ಎದೆ ಇಡ್ಕತು! ಪುಟ್ಟಲಕ್ಷ್ಮಿಗೆ ಏಳ್ಬುಡಿ, ಕೆಂದ ಹಸ ಮಾರ್ಬ್ಯಾಡ ಅಂತ. ನನ್ನ ಟೋಪಿ ಮಾತ್ರ ನಮ್ಮ ಮಾವಂಗೆ ಕೊಡ್ಬ್ಯಾಡಿ..." ನಾಲಗೆ ಒಂದು ಕಡೆ, ಕಣ್ಣಗುಡ್ಡೆ ಒಂದು ಕಡೆ. ರುದ್ರಾಣಿ ಮುಂದೆಯೇ ನೋಡುತ್ತ, "ಹನ್ನೊಂದಕ್ಕೆ ಕೋರ್ಟು, ನಡಿ" ಅನ್ನುವಳು. ಜೀಪು ಮಾತ್ರ ಹಟ್ಟಿಯ ದಾರಿ ಗೊತ್ತಿರುವ ಹಸುವಿನ ಹಾಗೆ ತಾನೇ ಅಂಗಡಿಯ ಮುಂದೆ ನಿಂತಿರುತ್ತಿತ್ತು. "ಐದೇ ನಿಮಿಷ" ಎಂದು ಅವಳು ಗಡಿಯಾರ ನೋಡಿದ ಕೂಡಲೇ ಸತ್ತವನು ಎದ್ದು "ಬದುಕ್ಕಂಡೆ!" ಎಂದು ನೆಗೆಯುತ್ತಿದ್ದ. ಜೀಪಿನ ಸದ್ದು ಕೇಳಿ ತಿಮ್ಮಯ್ಯ ಆಗಲೇ ಹಾಲು ಇಟ್ಟಿರುತ್ತಿದ್ದ.

ಹೋದ ಕಾರ್ತೀಕದ ಒಂದು ಸೋಮವಾರ, ಅದೇ ರಸ್ತೆಯಲ್ಲಿ, ಅದೇ ಜೀಪಿನಲ್ಲಿ ಚೆಲುವರಾಜುವಿನ ಎದೆ ನಿಜವಾಗಿಯೂ ನಿಂತಿತು. ಆವತ್ತೂ ಅವನು ಹೇಳಿದ್ದ. ಆವತ್ತೂ ರುದ್ರಾಣಿ "ಹನ್ನೊಂದಕ್ಕೆ ಕೋರ್ಟು, ನಡಿ" ಅಂದಿದ್ದಳು. ಆದರೆ ತಡವಾಗಿತ್ತು, ಹಿಂದಿನ ವಾರವಷ್ಟೇ ತಡವಾದದ್ದಕ್ಕೆ ಕೋರ್ಟಿನಲ್ಲಿ ಬೈಗುಳ ಕೇಳಿದ್ದಳು, ಆ ಐದು ನಿಮಿಷವನ್ನು ಕೊಡಲಿಲ್ಲ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಕತೆಗಳಲ್ಲಿ ಹಿಂತಿರುಗಿ ನೋಡಿದವರು ಅಂಗಾಲಿನಿಂದ ಕಲ್ಲಾಗುತ್ತ ಬರುತ್ತಾರೆ. ಮೊದಲು ಪಾದ, ಆಮೇಲೆ ಮೊಣಕಾಲು, ಆಮೇಲೆ ಸೊಂಟ. ರುದ್ರಾಣಿ ಹಿಂತಿರುಗಿ ನೋಡಲೇ ಇಲ್ಲ, ಆದರೂ ಕಲ್ಲಾದಳು. ಡ್ಯೂಟಿಗೆ ಹೋದಳು, ಸೆಲ್ಯೂಟ್ ಹೊಡೆದಳು, ಸಹಿ ಹಾಕಿದಳು. ಒಂದು ದಿನ ಸಾರಿಗೆ ಎರಡು ಸಲ ಉಪ್ಪು ಬಿದ್ದಿತ್ತು. ಅವಳು ಬಟ್ಟಲು ಖಾಲಿ ಮಾಡಿ ಎದ್ದ ಮೇಲೆ ಮನೆಯಲ್ಲಿ ಜೊತೆಗಿದ್ದ ಅಕ್ಕನ ಮಗಳು ಒಂದು ತುತ್ತು ತಿಂದು ಉಗಿದಳು. ಅಳು ಬರಲಿಲ್ಲ. ಅಳು ಬರಲಿಲ್ಲ ಎಂಬ ಬೇಜಾರೂ ಬರಲಿಲ್ಲ.

ಸೋಮವಾರ ಸಂಜೆಯಾದರೆ ಪುಟ್ಟಲಕ್ಷ್ಮಿಯ ಫೋನು. ಚೆಲುವರಾಜುವಿನ ಹೆಂಡತಿ. ಹಸು ಕರು ಹಾಕಿದ್ದು, ಸೊಸೈಟಿಯಲ್ಲಿ ಅಕ್ಕಿ ಬಂದದ್ದು ಎಲ್ಲ ಹೇಳಿ, ಕೊನೆಗೆ ಅದೇ ಪ್ರಶ್ನೆ.

"ಅಕ್ಕಾ, ಕೊನೇಲಿ ಏನಾರ ಅಂದ್ನಾ?"

"ಏನೂ ಅನ್ನಲಿಲ್ಲ ಪುಟ್ಟಲಕ್ಷ್ಮಿ. ನಿದ್ದೆ ಹೋದಂಗೆ ಹೋದ್ರು."

"ಅಷ್ಟೊಂದು ಮಾತಾಡೋನು," ಎಂದು ಪುಟ್ಟಲಕ್ಷ್ಮಿ ಫೋನು ಇಡುವಳು. ವಾರಕ್ಕೊಂದು ಸಲ ರುದ್ರಾಣಿಯನ್ನು ಯಾರಾದರೂ ಅಕ್ಕಾ ಎಂದು ಕರೆಯುತ್ತಿದ್ದರೆ ಅದು ಆ ಫೋನಿನಲ್ಲಿ ಮಾತ್ರ.

ಹೀಗಿರುವಾಗ ಮಾರ್ಚಿ ತಿಂಗಳಲ್ಲಿ ಸಿನಿಮಾದವರು ಬಂದರು.

ಸಿನಿಮಾದ ಬೀಜ ಬಿದ್ದದ್ದು ಅದಕ್ಕೂ ವರ್ಷದ ಹಿಂದೆ. ಮೇಘನಾ ಎಂಬ ಮೈಸೂರಿನ ಹುಡುಗಿ, ಇನ್ನೂ ಒಂದು ಚಿತ್ರವನ್ನೂ ಮಾಡಿರದ ನಿರ್ದೇಶಕಿ, ಅನುಮತಿ ಪತ್ರ ಹಿಡಿದು ಮೂರು ದಿನ ಜೀಪಿನ ಹಿಂದಿನ ಸೀಟಿನಲ್ಲಿ ಕೂತಿದ್ದಳು. ಒಬ್ಬರಿಗೊಬ್ಬರು ಹೊಂದದ ಇಬ್ಬರು ಪೊಲೀಸರು, ಹೊಡೆದಾಟ, ನಗು, ಇಷ್ಟು ಬೇಕು ಅವಳಿಗೆ. ಚೆಲುವರಾಜು ಕೇಳಿದ್ದಕ್ಕೆ ಒಂದು, ಕೇಳದ್ದಕ್ಕೆ ಹತ್ತು ಹೇಳಿದ. ಬಾಳೆಗೊನೆ ಕಳ್ಳನನ್ನು ಅಟ್ಟಿಸಿಕೊಂಡು ಹೋಗಿ ಗದ್ದೆಯ ಕೆಸರಿನಲ್ಲಿ ಜೀಪು ಹೂತದ್ದು, ಕೊನೆಗೆ ಕಳ್ಳನೇ ಇಳಿದು ತಳ್ಳಿಕೊಟ್ಟದ್ದು. ಮೂರು ದಿನವೂ ಬಿಳಿಗೆರೆಯ ಮೂಲೆಯಲ್ಲಿ ಅವನು ತಪ್ಪದೆ ಸತ್ತು ತಪ್ಪದೆ ಎದ್ದ. ಮೇಘನಾ ಅದನ್ನೆಲ್ಲ ಬರೆದುಕೊಂಡಳು.

ಈಗ ಆ ಜೀಪಿನಂಥದೇ ಜೀಪು ನಾಲೆ ಏರಿಯ ಮೇಲೆ ನಿಂತಿತ್ತು. ಚೆಲುವರಾಜುವಿನ ಪಾತ್ರಕ್ಕೆ ಚಿಕ್ಕಮಾದು ಎಂಬ ನಾಟಕದ ನಟ, ಹೊಟ್ಟೆ ಮುಂದೆ ಬಂದ ಸಾಧು ಮನುಷ್ಯ. ರುದ್ರಾಣಿಯ ಪಾತ್ರ ಬರೆದು ತಿದ್ದುವಷ್ಟರಲ್ಲಿ ಆರಡಿ ಎತ್ತರದ ಗಂಡಸಾಗಿ, ಮೀಸೆ ಬಿಟ್ಟುಕೊಂಡು, ಕರಾಟೆ ಕಲಿತು ಬಂದಿತ್ತು.

"ಹೀರೋ ಬೇಕು ಅಂದ್ರು ಪ್ರೊಡ್ಯೂಸರ್," ಎಂದು ಮೇಘನಾ ತಲೆ ಕೆರೆದುಕೊಂಡಳು. "ಬೇಜಾರಾಯ್ತಾ ಮೇಡಂ?"

"ಇಲ್ಲ," ಎಂದಳು ರುದ್ರಾಣಿ. ನಿಜಕ್ಕೂ ಆಗಿರಲಿಲ್ಲ.

ಬಂದೋಬಸ್ತಿಗೆ ದಫೇದಾರಮ್ಮನೇ ಹೋಗಲಿ, ಅವರಿಗೆ ಎಲ್ಲ ಗೊತ್ತು ಎಂದು ಸಾಹೇಬರ ಆರ್ಡರಾಗಿತ್ತು. ಹಗ್ಗ ಕಟ್ಟಿ ಜನರನ್ನು ಹಿಂದೆ ಸರಿಸಿ, ಟ್ರಾಕ್ಟರುಗಳಿಗೆ ಬೇರೆ ದಾರಿ ತೋರಿಸಿ, ಆಮೇಲೆ ಅವಳು ಮೇಘನಾಳ ಕೈಯಲ್ಲಿದ್ದ ಹಾಳೆ ನೋಡಿದಳು. ಸೀನ್ ನಲವತ್ತೊಂದು. ಜೀಪಿನ ಒಳಗೆ, ಹಗಲು. ಎದೆನೋವಿನ ನಾಟಕ.

"ಇದು ಬೇಡ," ಎಂದಳು.

"ಯಾಕೆ ಮೇಡಂ?"

"ಡ್ಯೂಟಿ ಮೇಲಿರೋ ಪೊಲೀಸು ಸುಳ್ಳು ಕಾಯಿಲೆ ಹೇಳೋದು ಶಿಸ್ತಿಗೆ ವಿರುದ್ಧ. ಇಲಾಖೆ ಆಕ್ಷೇಪಣೆ ಮಾಡ್ತದೆ."

"ಸ್ಕ್ರಿಪ್ಟಿಗೆ ಪರ್ಮಿಶನ್ ಸಿಕ್ಕಿದೆ ಮೇಡಂ, ಸೀಲ್ ಕೂಡ ಬಿದ್ದಿದೆ." ಮೇಘನಾಳ ದನಿ ಮೆತ್ತಗಾಯಿತು. "ಇಂಟರ್ವಲ್ ನಿಂತಿರೋದೇ ಇದರ ಮೇಲೆ. ವಿಲನ್‌ಗಳ ಮುಂದೆ ಇವನು ಸತ್ತ ಹಾಗೆ ಬೀಳ್ತಾನೆ, ಹೀರೋ ಕೆನ್ನೆಗೆ ಬಾರಿಸ್ತಾನೆ, ಇವನು ಎದ್ದು 'ಬದುಕ್ಕಂಡೆ' ಅಂತಾನೆ. ಇದು ಚೆಲುವರಾಜು ಸರ್ ಸೀನು. ಅದಕ್ಕೇ ಇದರ ಕ್ಲ್ಯಾಪ್ ಅವರ ಮಿಸೆಸ್ ಕೈಲಿ ಮಾಡಿಸ್ತಾ ಇದ್ದೀನಿ. ಹತ್ತೂವರೆ ಬಸ್ಸಿಗೆ ಬರ್ತಿದಾರೆ."

ರುದ್ರಾಣಿ ಹಗ್ಗದ ಬಳಿಗೆ ವಾಪಸಾದಳು. ಸತ್ತಂತೆ ಬೀಳುವ ಆಟ ನೋಡಿದರೆ, ಕೊನೆಯಲ್ಲಿ ಏನಾಯಿತು ಎಂಬುದು ಪುಟ್ಟಲಕ್ಷ್ಮಿಗೆ ಹೊಳೆಯುತ್ತದೆ. ಹೊಳೆದ ಮೇಲೆ ಸೋಮವಾರದ ಫೋನು ಬರುವುದಿಲ್ಲ. ಇಷ್ಟನ್ನು ಅವಳು ಬೇರೆ ಯಾರದೋ ಕೇಸಿನ ಕಾಗದ ಓದಿದಂತೆ ಓದಿಕೊಂಡಳು.

ಬಸ್ಸು ಬಂತು. ಪುಟ್ಟಲಕ್ಷ್ಮಿ ಹಸಿರು ಸೀರೆಯುಟ್ಟು ಪ್ಲಾಸ್ಟಿಕ್ ಬುಟ್ಟಿ ಹಿಡಿದು ಇಳಿದಳು. ಬುಟ್ಟಿಯಲ್ಲಿ ಸಿನಿಮಾದವರಿಗೆಂದು ಕಜ್ಜಾಯ.

"ಅಕ್ಕಾ, ಇದೇನು ಇಂಗೆ ಸೊರಗೋಗಿದ್ದೀರಿ? ಊಟ ಮಾಡ್ತೀರೋ ಇಲ್ವೋ?" ಎಂದು ರುದ್ರಾಣಿಯ ಮೊಣಕೈ ಹಿಡಿದುಕೊಂಡಳು. ಆ ಕೈ ಬೆಚ್ಚಗಿತ್ತೇ, ತಣ್ಣಗಿತ್ತೇ, ರುದ್ರಾಣಿಗೆ ತಿಳಿಯಲಿಲ್ಲ.

ಮೊದಲು ರಿಹರ್ಸಲು. ಚಿಕ್ಕಮಾದು ಬಲಗೈಯಲ್ಲಿ ಎದೆ ಹಿಡಿದು, "ಅಯ್ಯೋ ವಿಧಿಯೇ" ಎಂಬ ಧಾಟಿಯಲ್ಲಿ ಮೂರು ಮಾರು ಉದ್ದ ನರಳಿ ಸ್ಟೀರಿಂಗಿನ ಮೇಲೆ ಬಿದ್ದ. ಹಾರನ್ನು ಒತ್ತಿಕೊಂಡು ಊಳಿಟ್ಟಿತು. ಹಗ್ಗದ ಆಚೆಯಿಂದ ನಗು.

"ಇಂಗಲ್ಲ ಕಣಪ್ಪೋ!" ಟೀ ಕೆಟಲು ಹಿಡಿದು ಬಂದಿದ್ದ ತಿಮ್ಮಯ್ಯ ಕೂಗಿದ. "ನೀನು ಕುರುಕ್ಷೇತ್ರದಲ್ಲಿ ಬಿದ್ದಂಗೆ ಬೀಳ್ತಾ ಇದ್ದೀಯಲ್ಲೋ! ಅವ ಬೀಳೋ ವೈನವೇ ಬ್ಯಾರೆ. ಮೊದ್ಲು ಹೆಂಡ್ತಿ ಸುದ್ದಿ, ಆಮೇಕೆ ಹಸಿನ ಸುದ್ದಿ, ಆಮೇಕೆ ನಾಲ್ಗೆ."

"ನನ್ನ ಸುದ್ದಿ ಏನಂತಿದ್ದ?" ಪುಟ್ಟಲಕ್ಷ್ಮಿ ಕುತೂಹಲದಿಂದ ಕೇಳಿದಳು.

"ಕೆಂದ ಹಸ ಮಾರ್ಬ್ಯಾಡ ಅನ್ನು ಪುಟ್ಟಲಕ್ಷ್ಮಿಗೆ, ಅನ್ನೋನು ಕಣವ್ವ. ಒಂಬತ್ತು ವರ್ಷ ದಿನಾ ಸತ್ತ ನನ್ನಂಗಡಿ ಮುಂದೆ. ಜೀಪ್ ಸದ್ದು ಕೇಳ್ದೇಟ್ಗೆ ನಾನು ಆಲು ಇಡೋನು." ತಿಮ್ಮಯ್ಯ ಲೋಟಕ್ಕೆ ಟೀ ಸುರಿಯುತ್ತ, ಏನೂ ಯೋಚಿಸದೆ ಮುಂದುವರಿಸಿದ. "ಕೊನೇ ದಿನಾನೂ ಇಟ್ಟಿದ್ದೆ. ಆವತ್ತು ಮಾತ್ರ ಜೀಪ್ ನಿಲ್ನಿಲ್ಲ. ಸುಯ್ ಅಂತ ಒಂಟೋಯ್ತು. ಆಲು ಉಕ್ಕಿ ಒಲೆ ಆರೋಯ್ತು."

ಪುಟ್ಟಲಕ್ಷ್ಮಿ ಲೋಟ ತೆಗೆದುಕೊಳ್ಳಲಿಲ್ಲ. ನಿಧಾನವಾಗಿ ರುದ್ರಾಣಿಯ ಕಡೆ ತಿರುಗಿದಳು. ಅಷ್ಟರಲ್ಲಿ ಮೇಘನಾ ಓಡಿ ಬಂದಳು.

"ಮೇಡಂ, ಒಂದೇ ಒಂದು ಸಲ ನೀವೇ ತೋರಿಸಿಬಿಡಿ. ಒಂಬತ್ತು ವರ್ಷ ಪಕ್ಕದಲ್ಲೇ ಕೂತು ನೋಡಿದೀರ. ಚಿಕ್ಕಮಾದು ಸರ್, ಈ ಕಡೆ ಬಂದು ನೋಡ್ಕೊಳ್ಳಿ."

ಆಗುವುದಿಲ್ಲ ಎನ್ನಲು ಸಿಟ್ಟಾದರೂ ಬೇಕು, ನಾಚಿಕೆಯಾದರೂ ಬೇಕು. ರುದ್ರಾಣಿಯ ಬಳಿ ಎರಡೂ ಇರಲಿಲ್ಲ. ಹೋಗಿ ಡ್ರೈವರ್ ಸೀಟಿನಲ್ಲಿ ಕೂತಳು. ಒಂಬತ್ತು ವರ್ಷದಲ್ಲಿ ಒಮ್ಮೆಯೂ ಆ ಕಡೆ ಕೂತವಳಲ್ಲ. ಅಲ್ಲಿಂದ ರಸ್ತೆ ಬೇರೆಯಾಗಿ ಕಾಣುತ್ತಿತ್ತು, ನಾಲೆ ಹತ್ತಿರವಿತ್ತು.

ಎಡಗಡೆಯ ಬಾಗಿಲು ತೆರೆಯಿತು. ಪುಟ್ಟಲಕ್ಷ್ಮಿ ಸೆರಗು ಸುತ್ತಿಕೊಂಡು ಹತ್ತಿ, ರುದ್ರಾಣಿಯ ಜಾಗದಲ್ಲಿ ಕೂತಳು. ಬೆನ್ನು ಸೀಟಿಗೆ ತಾಗಲಿಲ್ಲ.

"ತೋರ್ಸಿ," ಎಂದಳು.

ರುದ್ರಾಣಿ ತೋರಿಸಿದಳು. ಬಲಗೈ ಸ್ಟೀರಿಂಗ್, ಎಡಗೈ ಎದೆ. "ಮೇಡಂ, ಎದೆ ಇಡ್ಕತು. ಪುಟ್ಟಲಕ್ಷ್ಮಿಗೆ ಏಳ್ಬುಡಿ, ಕೆಂದ ಹಸ ಮಾರ್ಬ್ಯಾಡ ಅಂತ. ನನ್ನ ಟೋಪಿ ಮಾತ್ರ ನಮ್ಮ ಮಾವಂಗೆ ಕೊಡ್ಬ್ಯಾಡಿ." ನಾಲಗೆ ಹೊರಗೆ ಚಾಚಿದಳು. ನಗದ ದಫೇದಾರಮ್ಮ ನಾಲಗೆ ಚಾಚಿದ್ದು ನೋಡಿ ಹಗ್ಗದ ಆಚೆಯ ಜನ ಶಿಳ್ಳೆ ಹಾಕಿದರು. ಚಿಕ್ಕಮಾದು ಬೆರಳು ಮಡಿಸುತ್ತ ನೆನಪಿಟ್ಟುಕೊಂಡ.

"ಈಗ ಆವತ್ತಿಂದು ತೋರ್ಸಿ," ಎಂದಳು ಪುಟ್ಟಲಕ್ಷ್ಮಿ, ಗಾಜಿನಾಚೆ ನೋಡುತ್ತ, ಹೊರಗಿನವರಿಗೆ ಕೇಳಿಸದ ಹಾಗೆ.

ರುದ್ರಾಣಿ ನಾಲಗೆ ಒಳಗೆಳೆದುಕೊಂಡಳು.

"ಆವತ್ತು ಎದೆ ಮೇಲೆ ಕೈ ಇಡಲಿಲ್ಲ. ಎರಡು ಕೈಯೂ ಸ್ಟೀರಿಂಗ್ ಮೇಲೇ ಇತ್ತು. ಮೂಲೆ ಕಂಡ ಕೂಡ್ಲೇ ಎದೆ ಇಡ್ಕತದೆ ಮೇಡಂ ಅಂದ್ರು."

"ನೀವು?"

"ಹನ್ನೊಂದಕ್ಕೆ ಕೋರ್ಟು, ನಡಿ ಅಂದೆ."

"ಅವ?"

"'ಟೀ ಬ್ಯಾಡ ಮೇಡಂ' ಅಂದ್ರು."

ಪುಟ್ಟಲಕ್ಷ್ಮಿ ತುಟಿ ಮಾತ್ರ ಆಡಿಸಿದಳು. ಟೀ ಬ್ಯಾಡ.

"ಹೊಸ ವರಸೆ ತೆಗೆದ್ರು ಅಂದ್ಕೊಂಡೆ. ಅಂಗಡಿ ದಾಟಿಸಿಬಿಟ್ರಲ್ಲ, ಸದ್ಯ ಅಂತ ಕಡತ ಬಿಚ್ಚಿ ಓದ್ತಾ ಕೂತೆ. ತೂಬಿನ ಹತ್ರ ಇಂಡಿಕೇಟರ್ ಹಾಕಿ ಎಡಕ್ಕೆ ನಿಲ್ಲಿಸಿದ್ರು. ನಾನು ತಲೆ ಎತ್ತಲಿಲ್ಲ. 'ಮುಗೀತಾ ನಾಟಕ' ಅಂದೆ. ಒಂದು ಪುಟ ಪೂರ್ತಿ ಓದಿದೆ. ಆಮೇಲೆ ನೋಡಿದೆ."

ಹೇಳುವಾಗ ಅವಳ ಕೈ ತಾನಾಗಿಯೇ ಆವತ್ತಿನದನ್ನೆಲ್ಲ ಮಾಡುತ್ತ ಹೋಯಿತು. ಇಂಡಿಕೇಟರ್ ಹಾಕಿತು. ಗೇರನ್ನು ನ್ಯೂಟ್ರಲ್ಲಿಗೆ ತಂದಿತು. ಹ್ಯಾಂಡ್ ಬ್ರೇಕ್ ಎಳೆಯಿತು. ಕೊನೆಗೆ ಎರಡೂ ಕೈ ಬಂದು ತೊಡೆಯ ಮೇಲೆ ಅಂಗೈ ಮೇಲಾಗಿ ಬಿದ್ದವು. ಟಿಕ್, ಟಿಕ್, ಟಿಕ್ ಎಂದು ಇಂಡಿಕೇಟರು ಬಡಿದುಕೊಳ್ಳುತ್ತಿತ್ತು.

"ಸೂಪರ್ ಮೇಡಂ!" ಮೇಘನಾ ಚಪ್ಪಾಳೆ ತಟ್ಟಿದಳು. "ಆ ಕೈ! ಆ ಇಂಡಿಕೇಟರ್! ಸಾಯೋವಾಗಲೂ ರೂಲ್ಸ್ ಫಾಲೋ ಮಾಡ್ತಾನೆ, ಸಖತ್ ಕಾಮಿಡಿ. ಚಿಕ್ಕಮಾದು ಸರ್, ಹಾಗೇ ಮಾಡಿ. ಅದನ್ನೇ ಇಟ್ಕೊಳ್ಳೋಣ."

ಪುಟ್ಟಲಕ್ಷ್ಮಿ ಇಳಿದಳು. ರುದ್ರಾಣಿಯೂ ಇಳಿದು, ಜೀಪು ಸುತ್ತಿಕೊಂಡು ಬಂದು ಅವಳ ಮುಂದೆ ನಿಂತಳು. ಬೈದರೆ ಬೈಸಿಕೊಳ್ಳಲು, ಹೊಡೆದರೆ ಹೊಡೆಸಿಕೊಳ್ಳಲು.

"ದಾರಿ ಬುಡಿ ಮೇಡಂ," ಎಂದಳು ಪುಟ್ಟಲಕ್ಷ್ಮಿ.

ಅಕ್ಕಾ ಅನ್ನಲಿಲ್ಲ. ರುದ್ರಾಣಿ ದಾರಿ ಬಿಟ್ಟಳು.

ಕ್ಲ್ಯಾಪ್ ಬೋರ್ಡನ್ನು ಹೇಗೆ ಹಿಡಿಯಬೇಕೆಂದು ಯಾರೋ ತೋರಿಸಿಕೊಟ್ಟರು. "ಸೀನ್ ನಲವತ್ತೊಂದು, ಟೇಕ್ ಒಂದು" ಎಂದು ಪುಟ್ಟಲಕ್ಷ್ಮಿ ಶಾಲೆಯ ಮಗ್ಗಿ ಒಪ್ಪಿಸುವ ದನಿಯಲ್ಲಿ ಹೇಳಿ, ಕಟ್ಟಿಗೆ ಒಡೆದ ಹಾಗೆ ಬೋರ್ಡನ್ನು ಬಡಿದಳು. ನಾಲೆಯ ಕೊಕ್ಕರೆಗಳು ಎದ್ದು ಹಾರಿದವು.

ಚಿಕ್ಕಮಾದು ಎದೆ ಹಿಡಿದುಕೊಂಡ, ಹೆಂಡತಿಯನ್ನು ನೆನೆದ, ಹಸುವನ್ನು ನೆನೆದ, ಇಂಡಿಕೇಟರ್ ಹಾಕಿದ, ಕೈ ತೊಡೆಯ ಮೇಲೆ ಚೆಲ್ಲಿ ಸತ್ತ. ಆರಡಿಯ ಹೀರೋ ಕೆನ್ನೆಗೆ ಬಾರಿಸಿದ. ಸತ್ತವನು ಎದ್ದ. "ಬದುಕ್ಕಂಡೆ!" ಜನ ನಕ್ಕರು. ಹಿಂದೆ ಟ್ರಾಕ್ಟರು ಕಾಣಿಸಿತೆಂದು ಮೇಘನಾ ಇನ್ನೊಂದು ಟೇಕ್ ಕೇಳಿದಳು. ಚಿಕ್ಕಮಾದು ಮತ್ತೆ ಸತ್ತ, ಮತ್ತೆ ಎದ್ದ. ಹೀರೋನ ಮೀಸೆಯ ಒಂದು ತುದಿ ಎದ್ದುಬಂತು, ಮೂರನೆಯ ಟೇಕ್. ಬಾರಿಸಿದ ಏಟು ನಿಜಕ್ಕೂ ಬಿದ್ದು ಚಿಕ್ಕಮಾದು "ಲೇ ನಿಧಾನ ಕಣ್ಲಾ, ಹಲ್ಲು ನಂದು!" ಎಂದುಬಿಟ್ಟ; ನಾಲ್ಕನೆಯದು.

ರುದ್ರಾಣಿ ಹಗ್ಗದ ಬಳಿ ನಿಂತು ನೋಡಿದಳು. ಪ್ರತಿ ಸಲವೂ ಪಕ್ಕದಲ್ಲಿದ್ದವನು ಒಂದು ಕೈ ಬೇಗ ಎತ್ತಿದರೆ ಆಯಿತು, ಮನುಷ್ಯ ಏಳುತ್ತಾನೆ. ಐದನೆಯ ಸಲವೂ ಎದ್ದ. ಆರನೆಯ ಸಲವೂ.

ಬಿಸಿಲು ಜರುಗಿತೆಂದು ಲೈಟಿನವರು ಬೆಳ್ಳಿ ಬಣ್ಣದ ಹಲಗೆಗಳನ್ನು ಬೇರೆ ಕಡೆ ಎತ್ತಿಡತೊಡಗಿದರು. ಎಲ್ಲರೂ ನೆರಳಿಗೆ ಹೋದರು. ಜೀಪು ಒಂದೇ ಏರಿಯ ಮೇಲೆ ನಿಂತಿತ್ತು, ಎಡಗಡೆಯ ಕಣ್ಣು ಮಿಟುಕಿಸುತ್ತ.

ಪುಟ್ಟಲಕ್ಷ್ಮಿ ಯಾವಾಗ ಬಂದು ಪಕ್ಕದಲ್ಲಿ ನಿಂತಳೋ. ಜೀಪನ್ನೇ ನೋಡುತ್ತಿದ್ದಳು.

"ಹ್ಯಾಂಡ್ ಬ್ರೇಕು ನಿಜವಾಗ್ಲೂ ಹಾಕಿದ್ನಾ?"

"ಹಾಕಿದ್ರು. ಪಕ್ಕದಲ್ಲೇ ನಾಲೆ ಇತ್ತು. ಜೀಪು ಒಂದು ಗೇಣೂ ಜಾರಲಿಲ್ಲ."

"ನೀವು ಒಳಗೆ ಕುಂತಿದ್ರಲ್ಲ, ಅದಕ್ಕೆ ಹಾಕವ್ನೆ." ಮತ್ತೆ ಕೇಳಿದಳು, "ಇಂಡಿಕೇಟ್ರು?"

"ಅದು ಆನ್ ಇತ್ತು. ಆಂಬುಲೆನ್ಸ್ ಬರೋ ತಂಕ ಹೊಡ್ಕೊತಾನೇ ಇತ್ತು."

"ಆರ್ಸ್ನಿಲ್ವಾ?" ಪುಟ್ಟಲಕ್ಷ್ಮಿಯ ಗಂಟಲಿನಿಂದ ಒಂದು ಸದ್ದು ಹೊರಟಿತು. ಅದು ನಗುವೋ ಬೇರೆ ಏನೋ ಅವಳಿಗೇ ಗೊತ್ತಿದ್ದಂತಿರಲಿಲ್ಲ. "ಅವ ಯಾವತ್ತು ಆರ್ಸ್ದೋನು? ಬೈಕಲ್ಲಿ ಬಂದ್ರೂ ಅಷ್ಟೇಯ. ಊರ ಮುಂದೆ ಹಾಕಿದ್ದು ಹಟ್ಟಿ ಬಾಗ್ಲಲ್ಲೂ ಮಿಣಮಿಣ ಅಂತಿರೋದು. ಊರೋರೆಲ್ಲ, ಏನ್ಲಾ ಚೆಲುವ ಇನ್ನೂ ಎತ್ಲಾಗ್ ತಿರುಗ್ಬೇಕು ಅಂತಿದ್ಯಾ ಅನ್ನೋರು. ದಿನಾ ನಾನೇ ಓಗಿ ಆರ್ಸ್ತಿದ್ದೆ." ಸೆರಗಿನ ತುದಿಯಿಂದ ಮೂಗೊರೆಸಿಕೊಂಡಳು. "ನೀವಾರ ಆರ್ಸುದ್ರಾ ಆವತ್ತು?"

"ಇಲ್ಲ."

ಪುಟ್ಟಲಕ್ಷ್ಮಿ ತಿಮ್ಮಯ್ಯನ ಕಡೆ ನಡೆದಳು.

ರುದ್ರಾಣಿ ಹಗ್ಗದಡಿ ಬಗ್ಗಿ, ಏರಿ ಹತ್ತಿ, ಜೀಪಿನ ಕಿಟಕಿಯಿಂದ ಕೈ ಒಳಗೆ ಹಾಕಿ ಇಂಡಿಕೇಟರನ್ನು ಆರಿಸಿದಳು. ಟಿಕ್ ಟಿಕ್ ನಿಂತಿತು. ನಾಲೆಯ ನೀರು ಹರಿಯುವ ಸದ್ದು ಅಲ್ಲಿಯವರೆಗೂ ಅವಳಿಗೆ ಕೇಳಿಸಿರಲಿಲ್ಲ.

"ಮೇಡಂ! ಮೇಡಂ, ಮುಟ್ಟಬೇಡಿ!" ನೆರಳಿನಿಂದ ಮೇಘನಾ ಎರಡೂ ಕೈ ಬೀಸುತ್ತ ಕೂಗಿದಳು. "ಕಂಟಿನ್ಯೂಟಿ ಹೋಗುತ್ತೆ! ಹಿಂದಿನ ಟೇಕಲ್ಲಿ ಆನ್ ಇತ್ತು. ಹಾಗೇ ಇರ್ಲಿ, ಪ್ಲೀಸ್!"

ರುದ್ರಾಣಿ ಮತ್ತೆ ಕೈ ಹಾಕಿ ಅದನ್ನು ಹಚ್ಚಿದಳು. ಟಿಕ್, ಟಿಕ್.

ಏರಿ ಇಳಿದು ಬರುವಾಗ, ಮರದ ಕೆಳಗೆ ಪುಟ್ಟಲಕ್ಷ್ಮಿ ಎರಡು ಲೋಟ ಹಿಡಿದು ನಿಂತಿದ್ದಳು. ಮುಖ ಗಂಟಿಕ್ಕಿಯೇ ಇತ್ತು. ಒಂದು ಲೋಟವನ್ನು ಮುಂದೆ ಚಾಚಿದಳು.

"ತಕಳಿ ಅಕ್ಕಾ. ಆರೋಗ್ತದೆ."

ರುದ್ರಾಣಿ ತೆಗೆದುಕೊಂಡಳು. ಬಿಸಿ ಇತ್ತೋ ಏನೋ, ಕೈಗೆ ಗೊತ್ತಾಗಲಿಲ್ಲ. ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಳು. ಅವಳ ಹಿಂದೆ, ಏರಿಯ ಮೇಲೆ, ಯಾರೋ ಏಳನೆಯ ಸಲ ಎದೆ ಹಿಡಿದುಕೊಂಡು ಹೆಂಡತಿಯ ಹೆಸರು ಕೂಗಿದರು.